ಚಿತ್ರ ಬರೆಯುವ ಹೆಣ್ಣುಮಕ್ಕಳ ವಿಷಯವಾಗಿ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷಾಫಲಗಳನ್ನೂ ಕಟ್ಟಡದ ದುರಸ್ತಿಯನ್ನೂ ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿದೆ. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಇಲ್ಲಿ ಮತ್ತೆ ಹೇಳಬೇಕಾದ ಅಗತ್ಯವಿಲ್ಲ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೂ, ತಮ್ಮ ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿರುವ ತಂದೆತಾಯಿಗಳೂ ಬೇರೊಂದು ವಿಷಯಕ್ಕೆ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ಬೇಡುತ್ತೇನೆ. ಅದು ಚಿತ್ರ ಬರೆಯುವ ಹುಡುಗಿಯ ವಿಷಯ. ಹೂವನ್ನೂ ಬಳ್ಳಿಯನ್ನೂ ರಂಗವಲ್ಲಿಯನ್ನೂ ಅಂದವಾಗಿ ಬರೆಯುವವರು ನಮ್ಮಲ್ಲಿ ತರಗತಿಗೆ ಹತ್ತು ಮಂದಿ ಇದ್ದಾರೆ. ಅವರ ಕೈಚಳಕವನ್ನು ಎಲ್ಲರೂ ಮೆಚ್ಚುತ್ತಾರೆ, ಹಬ್ಬಹುಣ್ಣಿಮೆಗಳಲ್ಲಿ ಅದರ ಉಪಯೋಗವನ್ನೂ ಪಡೆಯುತ್ತಾರೆ. ಅವರನ್ನು ಕುರಿತು ಯಾರಿಗೂ ಚಿಂತೆಯಿಲ್ಲ. ನಾನು ಹೇಳಹೊರಟಿರುವುದು ಮನುಷ್ಯರನ್ನು ಬರೆಯುವವಳನ್ನು ಕುರಿತು. ಅಂಥವಳು ನಾಲ್ಕೈದು ವರ್ಷಗಳಿಗೆ ಒಬ್ಬಳು ಬರುತ್ತಾಳೆ. ಅವಳನ್ನು ಏನು ಮಾಡಬೇಕೆಂಬುದು ಮನೆಯವರಿಗೂ ತಿಳಿಯದು, ಬಹುಮಟ್ಟಿಗೆ ಶಾಲೆಗಳಿಗೂ ತಿಳಿಯದು.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ತನ್ನ ಗಣಿತದ ಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಹೊಗೆಸೊಪ್ಪಿನ ಕೆಲಸದ ಹೆಂಗಸರನ್ನು ಬರೆದಿಟ್ಟಿದ್ದಳು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳವರಿಗೆ ಆ ಕೆಲಸವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಬ್ಯಾರನ್ನಿನ ಮುಂದೆ ಸಾಲಾಗಿ ಕುಳಿತು ಹಸಿಯ ಎಲೆಗಳನ್ನು ಕಡ್ಡಿಗೆ ಕಟ್ಟುವ ಹೆಂಗಸರ ಬೆನ್ನು ಹೇಗೆ ಬಾಗಿರುತ್ತದೆಯೋ ಹಾಗೆಯೇ ಬಾಗಿತ್ತು. ಮೂಲೆಯಲ್ಲಿ ಒಬ್ಬಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಅದರ ಮೇಲಿನಿಂದ ಕೈಗಳನ್ನು ಮುಂದಕ್ಕೆ ನೀಡಿ ಕಟ್ಟುತ್ತಿದ್ದಳು. ಗಣಿತದ ಉಪಾಧ್ಯಾಯಿನಿಯವರು ಸಹಜವಾದ ಕೋಪದಿಂದ ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಹುಡುಗಿಯ ತಂದೆಯನ್ನು ಬರಮಾಡಿಕೊಂಡು ಅದನ್ನು ತೋರಿಸಿದೆನು. ಆತನು ಬಹಳ ಹೊತ್ತು ಒಂದೇ ಹಾಳೆಯನ್ನು ನೋಡುತ್ತಿದ್ದು, "ಇದು ನಮ್ಮವ್ವನ ಬೆನ್ನು ಕಣ್ರಮ್ಮಾ" ಎಂದನು. ಆ ಚಿತ್ರದಲ್ಲಿ ಮುಖವೇ ಇರಲಿಲ್ಲ. ಹೆತ್ತ ತಾಯಿಯನ್ನು ಮಗನು ಬೆನ್ನಿನಿಂದಲೇ ಗುರುತಿಸುವಂತೆ ಬರೆಯಬಲ್ಲವಳು ಒಂಬತ್ತನೆಯ ತರಗತಿಯ ಹುಡುಗಿ! ಆಮೇಲೆ ಆತನು ಪುಸ್ತಕವನ್ನು ಮಡಿಸಿ, "ಬರೆಯೋದೇನೋ ಸರಿ, ಇದರಿಂದ ಏನು ಬಂದಾತು ಅಮ್ಮಾವ್ರೇ?" ಎಂದು ಕೇಳಿದನು. ಆಕೆ ಈಗ ಮದುವೆಯಾಗಿ ಸುಖವಾಗಿದ್ದಾಳೆ, ಒಂದು ಅಂಗಡಿಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಾಳೆ, ಚಿತ್ರ ಬರೆಯುವುದಿಲ್ಲ.

ಆ ತಂದೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಳೆಯನ್ನೂ ಹರಾಜಿನ ದರವನ್ನೂ ನಂಬಿ ಬಾಳುವ ಸಂಸಾರದಲ್ಲಿ ಅದು ನ್ಯಾಯವಾದ ಪ್ರಶ್ನೆ. ಆದರೆ ನ್ಯಾಯವಾದ ಪ್ರಶ್ನೆಗೆ ನ್ಯಾಯವಾದ ಉತ್ತರವೂ ದೊರೆಯಬೇಕು. ಉತ್ತರವನ್ನು ಹುಡುಕದೆಯೇ ಪುಸ್ತಕವನ್ನು ಮುಚ್ಚಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಅದರ ವಿರುದ್ಧವಾಗಿಯೇ ಈ ಲೇಖನ.

ಮೊದಲು ಮನುಷ್ಯಾಕೃತಿಯನ್ನು ಬರೆಯುವುದೆಂದರೆ ಏನೆಂಬುದನ್ನು ಸ್ವಲ್ಪ ತಿಳಿಯೋಣ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಗುಡಿಸಲು, ಇಷ್ಟನ್ನು ನೋಡದೆಯೇ ಬರೆಯಬಹುದು. ನಮ್ಮ ಮಕ್ಕಳು ಹಾಗೆಯೇ ಬರೆಯುತ್ತಾರೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹುಟ್ಟಿ ಬೆಳೆದ ಹುಡುಗಿಯೂ ತಾನು ಕಂಡ ತೇಗವನ್ನು ಬರೆಯದೆ ಎಂದೂ ಕಾಣದ ಸಮುದ್ರತೀರದ ತೆಂಗನ್ನೇ ಬರೆಯುವುದನ್ನು ನೋಡಿ ನನಗೆ ನಗು ಬರುತ್ತದೆ. ಮನುಷ್ಯನನ್ನು ಮಾತ್ರ ನೋಡದೆ ಬರೆಯಲಾಗದು. ನೀರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡವಳ ಭಾರವೆಲ್ಲ ಯಾವ ಕಾಲಿನ ಮೇಲೆ ನಿಂತಿದೆ, ಎದುರು ಭುಜ ಎಷ್ಟು ಇಳಿದಿದೆ, ಕುತ್ತಿಗೆ ಯಾವ ಕಡೆಗೆ ವಾಲಿದೆ ಎಂಬುದನ್ನು ಕಣ್ಣು ಹಿಡಿಯಬೇಕು. ಹಿಡಿದುದನ್ನು ಕೈ ಕೇಳಬೇಕು. ಒಂದು ಅಂಗೈಯನ್ನು ಸರಿಯಾಗಿ ಬರೆಯುವುದಕ್ಕೆ ನೂರು ಅಂಗೈಗಳನ್ನು ತಪ್ಪಾಗಿ ಬರೆಯಬೇಕಾಗುತ್ತದೆ. ನಮ್ಮ ಮೈಸೂರಿನ ಹಳೆಯ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಿನಿಂದ ಮೊದಲ ಗೆರೆಗಳನ್ನು ಎಳೆಯುತ್ತಿದ್ದರು. ಹುಣಸೂರಿನವರಾದ ನಮಗೆ ಆ ಸಾಮಗ್ರಿಗೆ ಬರವಿಲ್ಲ! ನಮ್ಮ ಮಕ್ಕಳು ಪ್ರವಾಸಕ್ಕೆಂದು ಹೋಗುವ ಬೈಲುಕುಪ್ಪೆಯ ಟಿಬೆಟ್ಟಿನವರ ದೇವಾಲಯದಲ್ಲಿ ಗೋಡೆಯ ತುಂಬ ಇರುವ ಆಕೃತಿಗಳೂ ಹಾಗೆಯೇ. ಅವರ ಸಂಪ್ರದಾಯದಲ್ಲಿ ಅಳತೆಯ ಗೆರೆಗಳ ಜಾಲವನ್ನು ಮೊದಲು ಹಾಕಿ, ಅದರೊಳಗೆ ಮೂರ್ತಿಯ ಹಣೆ, ಭುಜ, ಮಂಡಿಗಳನ್ನು ಇರಿಸುತ್ತಾರೆ. ಮಕ್ಕಳು ಅಲ್ಲಿ ಬಂಗಾರದ ಬಣ್ಣವನ್ನು ನೋಡಿ ಬೆರಗಾಗಿ ಬರುತ್ತಾರೆ. ಅದರ ಕೆಳಗಿರುವ ಗೆರೆಯ ದುಡಿಮೆಯನ್ನು ಯಾರಾದರೂ ತೋರಿಸಿಕೊಡಬೇಕು.

ಹೀಗೆ ನೋಡುವುದು ಹೆಣ್ಣುಮಕ್ಕಳಿಗೆ ಸುಲಭವಾಗಿ ದೊರೆಯುವುದಿಲ್ಲ. ಹುಡುಗನು ಸಂತೆಯ ಕಟ್ಟೆಯ ಮೇಲೆ ಕುಳಿತು ಹೋಗುವವರನ್ನು ದಿಟ್ಟಿಸಿ ನೋಡಿದರೆ ಯಾರೂ ಕೇಳರು. ಹುಡುಗಿ ಹಾಗೆ ನೋಡಿದರೆ ಅವಳ ನಡತೆಯನ್ನೇ ಕುರಿತು ಮಾತಾಡುತ್ತಾರೆ. ನೋಡಿಸಿಕೊಳ್ಳುವುದು ಹೆಣ್ಣಿಗೆ ಒಪ್ಪಿದ ಕೆಲಸ, ನೋಡುವುದು ಒಪ್ಪದ ಕೆಲಸ ಎಂಬ ಭಾವನೆ ಎಲ್ಲರ ಮನಸ್ಸಿನಲ್ಲಿಯೂ ಬೇರುಬಿಟ್ಟಿದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ನೀವೆಲ್ಲರೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತು ಬೆರಗಾಗದವರು ಯಾರು? ಬೆರಳುಗಳ ಸಂದಿಯಿಂದ ಸೋರುವ ಕೆಂಪು ಬೆಳಕು, ಸೀರೆಯ ನೆರಿಗೆಯ ಮೇಲೆ ಅದರ ಛಾಯೆ! ಅದನ್ನು ರವಿವರ್ಮನ ಕೃತಿಯೆಂದು ತಿಳಿದವರು ಈಗಲೂ ಹಲವರಿದ್ದಾರೆ. ಅದು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲ್ದಣಕರರು 1945-46ರ ಸುಮಾರಿನಲ್ಲಿ ಬರೆದ ಜಲವರ್ಣ ಚಿತ್ರ. ದೀಪ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ನಿಂತವಳು ಅವರ ಮಗಳು ಗೀತಾ. ಆಕೆ 102 ವರ್ಷ ಬಾಳಿ 2018ರಲ್ಲಿ ತೀರಿಕೊಂಡರು. ತಂದೆಯ ಕಲೆಗಾಗಿ ಮಗಳು ಅಷ್ಟು ಹೊತ್ತು ನಿಂತದ್ದು ಬಹು ಚೆಲುವಾದ ಸಂಗತಿ. ಅದರಲ್ಲಿ ನಾನು ಕುಂದು ಕಾಣುವುದಿಲ್ಲ. ಆದರೆ ಆ ಚಿತ್ರವನ್ನು ಹೆಣ್ಣುಮಕ್ಕಳಿಗೆ ತೋರಿಸುವಾಗ ನಾವು ದೀಪ ಹಿಡಿದವಳನ್ನು ಮಾತ್ರ ತೋರಿಸುತ್ತೇವೆ. ಇಂಥದನ್ನು ಬರೆಯುವ ಬಗೆ ಹೇಗೆ, ನೀನೂ ಬರೆಯಬಲ್ಲೆಯಾ ಎಂದು ಅವಳನ್ನು ಕೇಳಿದ ತಂದೆತಾಯಿಗಳು ಎಷ್ಟು ಮಂದಿ?

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯೆಂದು ಯಾರೂ ನಾಚಬೇಕಾಗಿಲ್ಲ. ಲಂಡನ್ ನಗರದ ರಾಯಲ್ ಅಕಾಡೆಮಿಯು 1768ರಲ್ಲಿ ಸ್ಥಾಪನೆಯಾದಾಗ ಅದರ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು: ಆಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್. ಜೋಹಾನ್ ಜೋಫನಿ ಎಂಬ ಚಿತ್ರಕಾರನು ಕೆಲವು ವರ್ಷಗಳಲ್ಲಿ ಆ ಸದಸ್ಯರಲ್ಲಿ ಹೆಚ್ಚಿನವರನ್ನು ಒಂದೇ ಪಟದಲ್ಲಿ ಬರೆದನು. ಗಂಡಸರೆಲ್ಲ ಮಾದರಿಯಾಗಿ ನಿಂತ ಪುರುಷನ ಸುತ್ತ ಕುಳಿತೂ ನಿಂತೂ ಚರ್ಚಿಸುತ್ತಿದ್ದಾರೆ. ಮಾದರಿಯ ಮೈಮೇಲೆ ಬಟ್ಟೆ ಇಲ್ಲದ ಕಾರಣ ಇಬ್ಬರು ಹೆಂಗಸರು ಆ ಕೋಣೆಯಲ್ಲಿರುವುದು ಉಚಿತವಲ್ಲವೆಂದು ಅವರನ್ನು ಗೋಡೆಗೆ ನೇತುಹಾಕಿದ ಎರಡು ಭಾವಚಿತ್ರಗಳನ್ನಾಗಿ ಬರೆದುಬಿಟ್ಟನು. ಸದಸ್ಯತ್ವವುಂಟು, ಕುಳಿತುಕೊಳ್ಳಲು ಮಣೆಯಿಲ್ಲ! ಆ ಅಕಾಡೆಮಿಯ ಶಾಲೆಯಲ್ಲಿ ಹೆಂಗಸರಿಗೆ ಜೀವಂತ ಮಾದರಿಯನ್ನು ನೋಡಿ ಬರೆಯುವ ತರಗತಿ, ಅದೂ ಮಾದರಿಗೆ ಬಟ್ಟೆ ಸುತ್ತಿ, ದೊರೆತದ್ದು 1893ರಲ್ಲಿ. ಆ ಇಬ್ಬರ ತರುವಾಯ ಪೂರ್ಣ ಸದಸ್ಯಳಾಗಿ ಚುನಾಯಿತಳಾದ ಮೊದಲ ಹೆಂಗಸು ಲಾರಾ ನೈಟ್, ಅದು 1936ರಲ್ಲಿ. ಹೆಂಗಸರಲ್ಲಿ ದೊಡ್ಡ ಚಿತ್ರಕಾರರು ಏಕೆ ಕಡಮೆ ಎಂದು ಕೇಳುವವರಿಗೆ ಈ ಇಸವಿಗಳನ್ನು ತೋರಿಸಬಹುದು.

ನಮ್ಮ ದೇಶದಲ್ಲಿ ಆ ಕೋಣೆಯೊಳಕ್ಕೆ ಯಾರನ್ನೂ ಕೇಳದೆ ಹೊಕ್ಕವರು ಅಮೃತಾ ಶೇರ್‌ಗಿಲ್. ಪಂಜಾಬಿನ ತಂದೆ, ಹಂಗೇರಿಯ ತಾಯಿ; 1913ರಲ್ಲಿ ಬುಡಾಪೆಸ್ಟಿನಲ್ಲಿ ಜನನ. ಪ್ಯಾರಿಸಿನಲ್ಲಿ ವಿದ್ಯಾಭ್ಯಾಸ ಮಾಡಿ, 1932ರಲ್ಲಿ, ಎಂದರೆ ನಮ್ಮಲ್ಲಿ ಹುಡುಗಿಯರು ಕಾಲೇಜಿನಲ್ಲಿರುವ ವಯಸ್ಸಿನಲ್ಲಿ, ಇಬ್ಬರು ತರುಣಿಯರ ಚಿತ್ರವನ್ನು ಬರೆದು ಮರುವರ್ಷ ಅದಕ್ಕೆ ಚಿನ್ನದ ಪದಕವನ್ನು ಪಡೆದರು. ಅಲ್ಲಿಯೇ ನಿಂತಿದ್ದರೆ ಪ್ಯಾರಿಸಿನ ನೂರು ಚಿತ್ರಕಾರರಲ್ಲಿ ಒಬ್ಬರಾಗುತ್ತಿದ್ದರೋ ಏನೋ. ಭಾರತಕ್ಕೆ ಹಿಂದಿರುಗಿ, 1937ರ ಸುಮಾರಿಗೆ ಅಜಂತೆಯನ್ನೂ ದಕ್ಷಿಣದೇಶವನ್ನೂ ನೋಡಿ ಬಂದ ಮೇಲೆ ಅವರ ಕೈಯೇ ಬೇರೆಯಾಯಿತು. ಮದುವಣಗಿತ್ತಿಯ ಅಲಂಕಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು ಎಂಬ ಮೂರು ಪಟಗಳು ಆ ವರ್ಷದವು. ಅವುಗಳಲ್ಲಿರುವ ಜನ ಅರಸುಮಕ್ಕಳಲ್ಲ, ಪುರಾಣದ ನಾಯಿಕೆಯರೂ ಅಲ್ಲ. ಕೃಷ್ಣರಾಜನಗರದ ಸಂತೆಯಲ್ಲಿ ನಿಮ್ಮ ಪಕ್ಕದಲ್ಲಿ ನಿಂತು ಸೊಪ್ಪನ್ನು ಚೌಕಾಸಿ ಮಾಡುವ ಜನರಂಥವರು. ಮೈಸೂರಿನ ಮಹಾರಾಜರಿಗೆ ಅವರ ಚಿತ್ರಗಳನ್ನು ತೋರಿಸಿದಾಗ ಅರಮನೆಯವರು ಅವುಗಳನ್ನು ಬಿಟ್ಟು ರವಿವರ್ಮನ ಚಿತ್ರಗಳನ್ನೇ ಆರಿಸಿಕೊಂಡರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1941ರಲ್ಲಿ ಲಾಹೋರಿನಲ್ಲಿ ತಮ್ಮ 28ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕೊಳ್ಳುವವರಿಲ್ಲದೆ ಉಳಿದ ಪಟಗಳು ಬಹಳ ಇದ್ದವು. 1937ರಲ್ಲಿಯೇ ಬರೆದ "ಕಥೆ ಹೇಳುವವನು" ಎಂಬ ಪಟಕ್ಕೆ 2023ರ ಹರಾಜಿನಲ್ಲಿ 61.8 ಕೋಟಿ ರೂಪಾಯಿ ಬಂದಿತು. ಭಾರತೀಯ ಚಿತ್ರವೊಂದಕ್ಕೆ ಅದುವರೆಗೆ ಹರಾಜಿನಲ್ಲಿ ಬಂದಿದ್ದ ಬೆಲೆಗಳಲ್ಲೆಲ್ಲ ಅದೇ ದೊಡ್ಡದು. ಈ ಮೊತ್ತವನ್ನು ಕೇಳಿ ಮಗಳ ಕೈಗೆ ಕೂಡಲೇ ಕುಂಚ ಕೊಡಬೇಡಿರಿ. ಬರೆದವಳಿಗೆ ಅದರಲ್ಲಿ ಒಂದು ಕಾಸೂ ಸಿಕ್ಕಲಿಲ್ಲ.

ಹಾಗಾದರೆ ಬದುಕಿರುವಾಗಲೇ, ನಮ್ಮ ನೆರೆಯಲ್ಲೇ, ಮನುಷ್ಯರನ್ನು ಬರೆದು ಬಾಳಿದವರು ಇಲ್ಲವೇ ಎಂದರೆ, ಇದ್ದಾರೆ. ಎನ್. ಎಸ್. ಹರ್ಷ ಅವರು 1969ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ವಿದ್ಯಾಲಯದಲ್ಲಿ ಓದಿ 1992ರಲ್ಲಿ ಪದವೀಧರರಾದರು. 1995ರಲ್ಲಿ ಬಡೋದೆಯ ಮಹಾರಾಜಾ ಸಯ್ಯಾಜಿರಾವ್ ವಿಶ್ವವಿದ್ಯಾನಿಲಯದಿಂದ ಉನ್ನತ ಪದವಿಯನ್ನು ಪಡೆದರು. ಆ ಮೇಲೆ ಮುಂಬಯಿಗೋ ದೆಹಲಿಗೋ ಹೋಗಿ ನೆಲೆಸುವುದು ತರುಣ ಕಲಾವಿದರ ಪದ್ಧತಿ. ಇವರು ತಮ್ಮ ಊರಿಗೇ ಹಿಂದಿರುಗಿ ಇಲ್ಲಿಯೇ ಕೆಲಸ ಹೂಡಿದರು. ಅವರ ಹೆಸರಾದ ಪಟಗಳಲ್ಲಿ ಸಣ್ಣ ಸಣ್ಣ ಮನುಷ್ಯಾಕೃತಿಗಳು ಸಾಲುಸಾಲಾಗಿ, ನೂರಾರು ಸಂಖ್ಯೆಯಲ್ಲಿ, ಪಂಕ್ತಿಗೆ ಕುಳಿತವರಂತೆ ಬರುತ್ತವೆ. ಶತಮಾನದ ತಿರುವಿನಲ್ಲಿ ಬರೆದ ಮೂರು ಫಲಕಗಳ ಒಂದು ಕೃತಿಯಲ್ಲಿ ಜನರು ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಅದರ ಹೆಸರೂ ಅಷ್ಟೇ. 2008ರಲ್ಲಿ ಬರೆದ ಇನ್ನೊಂದರಲ್ಲಿ ಆರು ಫಲಕಗಳ ಮೇಲೆ ಸುಮಾರು 2000 ಜನರು ಕುರ್ಚಿಗಳಲ್ಲಿ ಕುಳಿತು ಭಾಷಣವೊಂದಕ್ಕೆ ಕಾದಿದ್ದಾರೆ. ದೂರದಿಂದ ನೋಡಿದರೆ ಬಟ್ಟೆಯ ಮೇಲಿನ ಚಿತ್ತಾರದಂತೆ ಕಾಣುತ್ತದೆ. ಹತ್ತಿರ ಹೋದರೆ ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಭಾಷಣಕ್ಕಾಗಿ ಕಾಯುತ್ತ ಕುಳಿತ ಜನರ ಮುಖಗಳನ್ನು ಶಾಲಾ ವಾರ್ಷಿಕೋತ್ಸವದ ವೇದಿಕೆಯಿಂದ ಪ್ರತಿ ವರ್ಷವೂ ನೋಡುವ ನನ್ನಂಥವಳಿಗೆ ಆ ಚಿತ್ರದ ಹಾಸ್ಯವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಈಗ ತಂದೆತಾಯಿಗಳು ಇಷ್ಟಪಡುವ ಲೆಕ್ಕಕ್ಕೆ ಬರೋಣ. 1999ರಲ್ಲಿ ಅವರ ಕೃತಿಗಳು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ದೊಡ್ಡ ಪ್ರದರ್ಶನವೊಂದಕ್ಕೆ ಹೋದವು. 2008ರಲ್ಲಿ ವೇಲ್ಸಿನ ಕಾರ್ಡಿಫಿನಲ್ಲಿ ಕೊಡುವ "ಆರ್ಟೆಸ್ ಮುಂಡಿ" ಎಂಬ ಅಂತರರಾಷ್ಟ್ರೀಯ ಬಹುಮಾನ, 40,000 ಪೌಂಡು, ಅವರಿಗೆ ಬಂದಿತು. 2017ರಲ್ಲಿ ಟೋಕಿಯೋ ನಗರದ ಮೋರಿ ಕಲಾ ಸಂಗ್ರಹಾಲಯವು ಅವರೊಬ್ಬರ ಕೃತಿಗಳದೇ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಮೊದಲ ಪದವಿಯಿಂದ ಆ ಬಹುಮಾನಕ್ಕೆ 16 ವರ್ಷಗಳು. ಇದು ಬಹಳ ದೀರ್ಘವೆಂದು ತೋರಬಹುದು. ಆದರೆ ಮಗಳು ವೈದ್ಯಳಾಗಲೆಂದು ಬಯಸುವವರು ಐದೂವರೆ ವರ್ಷ ಒಂದು ಪದವಿಗೆ, ಮೂರು ವರ್ಷ ಇನ್ನೊಂದಕ್ಕೆ, ಅದರ ಮಧ್ಯೆ ಪ್ರವೇಶಪರೀಕ್ಷೆಗಳಿಗೆ ಎಷ್ಟೋ ವರ್ಷ, ಹೀಗೆ ಹತ್ತು ಹನ್ನೆರಡು ವರ್ಷಗಳನ್ನು ಗೊಣಗದೆ ಕಾಯುತ್ತಾರೆ, ಹೊಲವನ್ನು ಅಡವಿಟ್ಟೂ ಕಾಯುತ್ತಾರೆ. ಚಿತ್ರ ಬರೆಯುವವಳಿಗೆ ಮಾತ್ರ ಪದವಿ ಬಂದ ಮೊದಲ ವರ್ಷವೇ "ಎಷ್ಟು ಮಾರಿದೆ?" ಎಂದು ಕೇಳುತ್ತಾರೆ. ಎಲ್ಲರೂ ಹರ್ಷ ಅವರಷ್ಟು ಹೆಸರುವಾಸಿಗಳಾಗುತ್ತಾರೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮೋಸ. ನೂರರಲ್ಲಿ ಒಬ್ಬರೂ ಆಗಲಾರರು. ಉಳಿದವರಲ್ಲಿ ಕೆಲವರು ಶಾಲೆಗಳಲ್ಲಿ ಚಿತ್ರಕಲೆಯನ್ನು ಕಲಿಸುತ್ತಾರೆ, ಕೆಲವರು ಪುಸ್ತಕಗಳಿಗೆ ಚಿತ್ರ ಬರೆಯುತ್ತಾರೆ, ಗಣಕಯಂತ್ರದ ಮೇಲೆ ವಿನ್ಯಾಸದ ಕೆಲಸ ಮಾಡುತ್ತಾರೆ, ನಡುವೆ ತಮ್ಮ ಸ್ವಂತದ್ದನ್ನು ಬರೆಯುತ್ತಾರೆ. ವರ್ತಕರ ಮೂಲಕ ಮಾರಿದರೆ ಬೆಲೆಯಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಅವರಿಗೇ ಹೋಗುವುದುಂಟು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು 2004ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದಿರುವ ಚಿತ್ರಸಂತೆಯಲ್ಲಿ ಮಾತ್ರ ಬರೆದವರೇ ಬೀದಿಯಲ್ಲಿ ಕುಳಿತು ಕೊಳ್ಳುವವರಿಗೆ ನೇರವಾಗಿ ಮಾರುತ್ತಾರೆ. ಹೆಣ್ಣುಮಕ್ಕಳನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿರಿ. ಜಾತ್ರೆಗಿಂತ ಹೆಚ್ಚು ಜನ ಸೇರಿರುತ್ತಾರೆ. ಚಿತ್ರಕ್ಕೆ ಹಣ ಕೊಡುವವರೂ ಈ ಲೋಕದಲ್ಲಿ ಇದ್ದಾರೆಂಬುದನ್ನು ಕಣ್ಣಾರೆ ನೋಡಬಹುದು.

ಗಂಡಸರ ಉದಾಹರಣೆಯನ್ನು ಕೊಟ್ಟು ಹೆಣ್ಣುಮಕ್ಕಳ ಪರವಾಗಿ ವಾದಿಸುವುದು ಸರಿಯೇ ಎಂದು ಹಳೆಯ ವಿದ್ಯಾರ್ಥಿನಿಯರಲ್ಲಿ ಚುರುಕಾದವರು ಕೇಳುವರು. ಶಾಂತಾಮಣಿ ಮುದ್ದಯ್ಯ ಅವರೂ ಮೈಸೂರಿನಲ್ಲಿ ಹುಟ್ಟಿ, ಅದೇ ವಿದ್ಯಾಲಯದಲ್ಲಿ ಓದಿ, ಅದೇ ಬಡೋದೆಗೆ ಹೋಗಿ ಬಂದವರು. 2014ರ ಕೊಚ್ಚಿಯ ಕಲಾ ಮಹೋತ್ಸವದಲ್ಲಿ ಅವರು ಬಯಲಿನಲ್ಲಿ ಮಲಗಿಸಿದ್ದ ಬೃಹತ್ತಾದ ಬೆನ್ನೆಲುಬಿನ ಶಿಲ್ಪವನ್ನು ನೋಡಿದವರು ಮರೆಯಲಾರರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಗಳಿಸಿದ ಕೆ. ಕೆ. ಹೆಬ್ಬಾರರ ಮಗಳು ರೇಖಾ ರಾವ್ ಅವರು ಸ್ವತಃ ಚಿತ್ರಕಾರರಾದರು. ಹೆಬ್ಬಾರರ ಮನೆಯಲ್ಲಿ ಬಣ್ಣದ ವಾಸನೆ ಅಡಿಗೆಯ ವಾಸನೆಯಷ್ಟೇ ಸಹಜವಾಗಿದ್ದಿರಬೇಕು. ಹೊಗೆಸೊಪ್ಪು, ಭತ್ತ, ಶುಂಠಿಯ ಮನೆಗಳಲ್ಲಿ ಹುಟ್ಟುವ ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಆದಕಾರಣವೇ ಅವರ ಪಾಲಿಗೆ ಶಾಲೆಯೂ ತಂದೆತಾಯಿಗಳೂ ಮನಸ್ಸು ಮಾಡಿ ಜಾಗ ಮಾಡಿಕೊಡಬೇಕಾಗಿದೆ.

ನಮ್ಮ ಸಭೆಗೆ ಸೇರಿದ ಕೆಲವು ಹಿರಿಯರ ಆಕ್ಷೇಪಣೆ ಬೇರೆ ಬಗೆಯದು. ಅದನ್ನು ಗೌರವದಿಂದಲೇ ಎದುರಿಸಬೇಕು. ಯಾವುದರ ರೂಪವನ್ನೂ ಮಾಡಿಕೊಳ್ಳಬಾರದೆಂದು ದಶಾಜ್ಞೆಗಳಲ್ಲಿ ಹೇಳಿರುವಾಗ ಮಿಷನ್ ಶಾಲೆಯಲ್ಲಿ ಮನುಷ್ಯಾಕೃತಿಗಳನ್ನು ಬರೆಯಿಸುವುದು ಸರಿಯೇ ಎಂದು ಅವರು ಕೇಳುತ್ತಾರೆ. ಆ ಆಜ್ಞೆ ಅಡ್ಡಬೀಳುವುದನ್ನು ಕುರಿತದ್ದು. ಅದೇ ವಿಮೋಚನಕಾಂಡದಲ್ಲಿ, ಸ್ವಲ್ಪ ಮುಂದೆ ಓದಿದರೆ, ಬೆಚಲೇಲನೆಂಬ ಕೈಕೆಲಸದವನನ್ನು ದೇವರು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದಲೇ ಕುಶಲನನ್ನಾಗಿ ಮಾಡಿದನೆಂದಿದೆ. ಜಾಣ್ಮೆಯುಳ್ಳ ಹೆಂಗಸರೂ ತಮ್ಮ ಕೈಯಾರೆ ನೂತು ತಂದರೆಂದೂ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಛಾವಣಿಯನ್ನೂ ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಸಹೋದರರು 1899ರಿಂದ ಸುಮಾರು ಎರಡು ವರ್ಷ ಬರೆದು ತುಂಬಿದರು. ಗೋವೆಯಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತ ಆಂಜೆಲೋ ದ ಫೊನ್ಸೇಕಾ ಅವರು ಕನ್ಯೆ ಮರಿಯಳಿಗೆ ಸೀರೆ ಉಡಿಸಿ, ನಮ್ಮ ದೇಶದ ಹೆಣ್ಣಾಗಿಯೇ ಬರೆದದ್ದಕ್ಕೆ ತಮ್ಮವರಿಂದಲೇ ನಿಂದೆಯನ್ನು ಕೇಳಬೇಕಾಯಿತು. ಇಂದು ಸೀರೆಯುಟ್ಟ ಮರಿಯಳ ಚಿತ್ರವನ್ನು ಕಂಡು ಯಾರೂ ಬೆಚ್ಚುವುದಿಲ್ಲ. ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ಆಳು ಅದನ್ನು ಕಳೆಯಲಿಲ್ಲ, ಕದಿಯಲಿಲ್ಲ. ಭಯಪಟ್ಟು ಜೋಪಾನವಾಗಿ ಮುಚ್ಚಿಟ್ಟನು, ಅಷ್ಟೇ. ನಮ್ಮ ಒಳ್ಳೆಯ ಮನೆತನಗಳಲ್ಲಿ ನಡೆಯುವುದೂ ಅದೇ.

ಇನ್ನು ಕೇಳಿಕೊಳ್ಳುವುದು ಏನೆಂಬುದನ್ನು ಬಿಚ್ಚಿ ಹೇಳುತ್ತೇನೆ. ಹುಡುಗಿ ಶಾಲೆಯಲ್ಲಿರುವಾಗ ಪರೀಕ್ಷಾಮಂಡಳಿಯವರು ನಡೆಸುವ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಅವಳನ್ನು ಕೂರಿಸಲು ಒಪ್ಪಿರಿ. ಅದರಿಂದ ಉಳಿದ ಓದು ಕೆಡುವುದಿಲ್ಲ. ಪಿಯೂಸಿ ಆದ ಮೇಲೆ ದೃಶ್ಯಕಲೆಯ ನಾಲ್ಕು ವರ್ಷದ ಪದವಿಗೆ ಮೈಸೂರಿಗೆ ಕಳುಹಿಸುವುದಾದರೆ ಹಾಸ್ಟೆಲಿನ ವಿಷಯವಾಗಿ ನನ್ನಿಂದಾದ ಸಹಾಯವನ್ನು ಮಾಡುತ್ತೇನೆ. ಮನೆಯಲ್ಲಿ ಅವಳು ಅಜ್ಜಿಯನ್ನೋ ತಮ್ಮನನ್ನೋ ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದರೆ, ಆ ಅರ್ಧ ಗಂಟೆ ಒಲೆಯ ಮುಂದಕ್ಕೆ ಕರೆಯಬೇಡಿರಿ. ನೆಂಟರ ಮದುವೆಯ ಚಪ್ಪರಕ್ಕೆ ಬಣ್ಣದ ಅಕ್ಷರ ಬರೆಯಿಸುವುದಕ್ಕಷ್ಟೇ ಅವಳ ಕೈಯನ್ನು ನೆನೆಯಬೇಡಿರಿ. ಮದುವೆಯ ಮಾತು ಬಂದಾಗ ಚಿನ್ನವೆಷ್ಟು, ಬೆಳ್ಳಿಯೆಷ್ಟು ಎಂದು ಹಿರಿಯರು ಮಾತಾಡುತ್ತಾರಷ್ಟೆ. ಅದೇ ಪಂಕ್ತಿಯಲ್ಲಿ, ಆ ಮನೆಯಲ್ಲಿ ಉತ್ತರದ ಕಡೆಗೆ ಕಿಟಕಿಯಿರುವ ಒಂದು ಕೋಣೆಯೋ ಜಗಲಿಯ ಮೂಲೆಯೋ ಉಂಟೇ, ವಾರಕ್ಕೆ ಎರಡು ಮಧ್ಯಾಹ್ನ ಅದನ್ನು ಅವಳಿಗೆ ಬಿಟ್ಟುಕೊಡುವರೇ ಎಂದು ಕೇಳಿರಿ. ಉತ್ತರದ ಬೆಳಕು ದಿನವೆಲ್ಲ ಸಮನಾಗಿರುವುದರಿಂದ ಚಿತ್ರಕಾರರು ಅದನ್ನೇ ಬಯಸುತ್ತಾರೆ. ವರನ ಕಡೆಯವರು ಇದೇನು ವಿಚಿತ್ರವಾದ ಬೇಡಿಕೆ ಎಂದು ನಗಲಿ. ಕಾರು ಕೇಳುವಾಗ ಅವರು ನಗುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಸ್ವಂತ ಸಂಪಾದನೆಯುಳ್ಳವರು ಅನೇಕರಿದ್ದೀರಿ. ಮೈಸೂರು, ಬೆಂಗಳೂರುಗಳಲ್ಲಿ ಮನೆ ಕಟ್ಟಿಸಿ ಗೋಡೆಗೆ ಅಚ್ಚಿನ ಚಿತ್ರವನ್ನು ತೂಗುಹಾಕಿದ್ದೀರಿ. ಗೃಹಪ್ರವೇಶಕ್ಕೆ ಕರೆದಾಗ ಬಂದು ನೋಡಿದ್ದೇನೆ. ಓಡುವ ಏಳು ಬಿಳಿಯ ಕುದುರೆಗಳು ಎಷ್ಟು ಮನೆಗಳಲ್ಲಿ ಓಡುತ್ತಿವೆಯೋ ಲೆಕ್ಕವಿಲ್ಲ. ಅದರ ಪಕ್ಕದಲ್ಲಿ, ಕಾಲೇಜಿನಲ್ಲಿ ಈಗ ಕಲಿಯುತ್ತಿರುವ ಯಾವಳೋ ಒಬ್ಬ ಹುಡುಗಿ ಕೈಯಾರೆ ಬರೆದ ಒಂದು ಮುಖಕ್ಕೂ ಜಾಗವಿರಲಿ. ಹಣ ಕೊಟ್ಟು ಕೊಳ್ಳಿರಿ, ಉಡುಗೊರೆಯಾಗಿ ಕೇಳಬೇಡಿರಿ. ತನ್ನ ಚಿತ್ರವನ್ನು ಪರಿಚಯವಿಲ್ಲದವರು ದುಡ್ಡು ಕೊಟ್ಟು ಕೊಂಡೊಯ್ದ ದಿನ ಹುಡುಗಿಯ ಮುಖದಲ್ಲಿ, ಅದಕ್ಕಿಂತ ಹೆಚ್ಚಾಗಿ ಅವಳ ತಂದೆಯ ಮುಖದಲ್ಲಿ, ಆಗುವ ಬದಲಾವಣೆಯನ್ನು ಯಾವ ಉಪದೇಶವೂ ಮಾಡಲಾರದು.

ಈ ವರ್ಷದಿಂದ ಹೊಲಿಗೆಯ ಕೋಣೆಯನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ಮನುಷ್ಯಾಕೃತಿ ಬರೆಯುವ ಮಕ್ಕಳಿಗಾಗಿ ತೆರೆದಿಡುವುದೆಂದು ಗೊತ್ತುಮಾಡಿದ್ದೇವೆ. ಅದಕ್ಕೆ ಉತ್ತರದ ಕಡೆ ಎರಡು ಕಿಟಕಿಗಳಿವೆ. ಕಾಗದವನ್ನೂ ಇದ್ದಿಲನ್ನೂ ಶಾಲೆಯೇ ಒದಗಿಸುತ್ತದೆ. ಕೊರತೆಯಾಗಿರುವುದು ಎದುರಿಗೆ ಕುಳಿತುಕೊಳ್ಳುವವರದು. ಸಹಪಾಠಿಗಳನ್ನೇ ಬರೆಯುತ್ತ ಹೋದರೆ ಎಲ್ಲ ಮುಖಗಳಿಗೂ ಹದಿನಾಲ್ಕೇ ವರ್ಷವಾಗುತ್ತದೆ. ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಜ್ಜ ಅಜ್ಜಿಯರೂ, ಸಂತೆ ಮುಗಿಸಿ ಬಸ್ಸಿಗೆ ಕಾಯುವವರೂ, ಹುಣಸೂರಿಗೆ ಕೆಲಸದ ಮೇಲೆ ಬಂದ ಹಳೆಯ ವಿದ್ಯಾರ್ಥಿನಿಯರೂ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದು ಕುಳಿತುಕೊಳ್ಳಬೇಕಾಗಿ ವಿನಂತಿ. ಒಳ್ಳೆಯ ಸೀರೆ ಉಟ್ಟು ಬರಬೇಕಾಗಿಲ್ಲ. ಹೊಲದಿಂದ ಬಂದ ಹಾಗೆಯೇ ಬಂದರೆ ಮಕ್ಕಳಿಗೆ ಇನ್ನೂ ಅನುಕೂಲ. ಕುರ್ಚಿ ಉಂಟು, ಕಾಫಿ ಉಂಟು. ಮಾತಾಡುತ್ತ ಕುಳಿತರೂ ಅಡ್ಡಿಯಿಲ್ಲ, ಕತ್ತು ಮಾತ್ರ ಬಹಳ ಆಡಿಸಬಾರದು.